ಗಣಕದಲ್ಲಿರುವ ದಾಸ್ತಾನು ಗೋದಾಮಿನಲ್ಲಿ ಇಲ್ಲದಿದ್ದಾಗ: ಇಆರ್‌ಪಿ ಅಳವಡಿಸಿದ ಸಣ್ಣ ಕಾರ್ಖಾನೆಗಳಿಗೊಂದು ದೋಷ ನಿವಾರಣೆ ಕೈಪಿಡಿ

ದೋಷ ಕಾಣಿಸಿಕೊಳ್ಳುವ ಬಗೆ

ಇಆರ್‌ಪಿ ತಂತ್ರಾಂಶವನ್ನು (ಖರೀದಿ, ದಾಸ್ತಾನು, ಉತ್ಪಾದನೆ, ಲೆಕ್ಕಪತ್ರ ಎಲ್ಲವನ್ನೂ ಒಂದೇ ಕಡೆ ನಿಭಾಯಿಸುವ ತಂತ್ರಾಂಶ) ಅಳವಡಿಸಿದ ತಂಡ ಕೆಲಸ ಮುಗಿಸಿ ಹೊರಟ ಐದಾರು ತಿಂಗಳಲ್ಲಿ ಸಾಮಾನ್ಯವಾಗಿ ಈ ದೋಷ ತಲೆ ಎತ್ತುತ್ತದೆ. ಪರದೆಯ ಮೇಲೆ 32 ಮಿಲಿಮೀಟರ್ ವ್ಯಾಸದ, ಇಎನ್ 8 ದರ್ಜೆಯ ಉಕ್ಕಿನ ರಾಡ್ ಸುಮಾರು 700 ಕಿಲೋ ಇದೆಯೆಂದು ಕಾಣುತ್ತದೆ. ರ್ಯಾಕಿಗೆ ಹೋಗಿ ನೋಡಿದರೆ ಎರಡು ಮೂರು ರಾಡುಗಳಷ್ಟೇ ಇರುತ್ತವೆ. ಇನ್ನೊಂದು ವಸ್ತುವಿನ ದಾಸ್ತಾನು ಮೈನಸ್‌ನಲ್ಲಿರುತ್ತದೆ, ಆದರೆ ಆ ವಸ್ತು ಕಣ್ಣೆದುರೇ ಟ್ರೇ ತುಂಬ ಬಿದ್ದಿರುತ್ತದೆ. ಖರೀದಿ ವಿಭಾಗದವರು ಪರದೆಯನ್ನು ನಂಬುವುದನ್ನು ಬಿಟ್ಟು ಸ್ಟೋರ್ಸ್‌ಗೆ ಫೋನ್ ಮಾಡಿ ವಿಚಾರಿಸಲಾರಂಭಿಸುತ್ತಾರೆ; ಸ್ಟೋರ್ಸ್‌ನವರು ಮೇಜಿನ ಖಾನೆಯಿಂದ ಉದ್ದನೆಯ ಪುಸ್ತಕವೊಂದನ್ನು ತೆಗೆದು ಉತ್ತರ ಹೇಳುತ್ತಾರೆ. ಆ ಪುಸ್ತಕ ಮತ್ತೆ ಚಾಲ್ತಿಗೆ ಬಂದ ದಿನದಿಂದ ವ್ಯವಸ್ಥೆ ಕಾಗದದ ಮೇಲೆ ಮಾತ್ರ ಉಳಿದಿದೆ ಎಂದು ತಿಳಿಯಬೇಕು.

ಪೀಣ್ಯ, ಬೆಳಗಾವಿಯ ಉದ್ಯಮಬಾಗ್, ಹುಬ್ಬಳ್ಳಿಯ ಗೋಕುಲ ರಸ್ತೆಯಂಥ ಕೈಗಾರಿಕಾ ಪ್ರದೇಶಗಳ ಯಂತ್ರ ಘಟಕಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಕೈಪಿಡಿಯನ್ನು ಬರೆದಿದ್ದೇನೆ. ಕಚ್ಚಾ ಉಕ್ಕನ್ನು ತೂಕದ ಲೆಕ್ಕದಲ್ಲಿ ಕೊಂಡು, ಲೇತ್ ಮತ್ತು ಸಿಎನ್‌ಸಿ ಯಂತ್ರಗಳಲ್ಲಿ ಬಿಡಿಭಾಗ ಮಾಡಿ, ಹೀಟ್ ಟ್ರೀಟ್‌ಮೆಂಟಿಗೂ ಪ್ಲೇಟಿಂಗಿಗೂ ಹೊರಗೆ ಕಳಿಸಿ, ಮರಳಿ ಪಡೆದು, ಎಣಿಸಿ, ದೊಡ್ಡ ಕಂಪನಿಗೆ ಪೂರೈಸುವ ಘಟಕಗಳು ಇವು. ತಂತ್ರಾಂಶ ಟ್ಯಾಲಿ ಆಗಿರಲಿ, ಇಆರ್‌ಪಿನೆಕ್ಸ್ಟ್ ಆಗಿರಲಿ, ಎಸ್‌ಎಪಿ ಬಿಸಿನೆಸ್ ಒನ್ ಆಗಿರಲಿ, ತಪಾಸಣೆಯ ದಾರಿ ಒಂದೇ; ಏಕೆಂದರೆ ಈ ದೋಷ ತಂತ್ರಾಂಶದ ಒಳಗೆ ಇರುವುದು ಬಹಳ ಅಪರೂಪ. ವಸ್ತು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಲ್ಲಿ ದಾಖಲೆ ಮಾಡಬೇಕಾದವರು ಯಾರೆಂದು ನಿಗದಿಯಾಗದ ಜಾಗಗಳಲ್ಲಿ ಅದು ಇರುತ್ತದೆ. ಆದ್ದರಿಂದ ಪರದೆಯ ಮುಂದೆ ಕುಳಿತು ಹುಡುಕಿದರೆ ಸಿಗುವುದಿಲ್ಲ. ಒಂದು ವಸ್ತುವಿನ ಬೆನ್ನು ಹತ್ತಿ ಗೇಟಿನಿಂದ ಗೇಟಿನವರೆಗೆ ನಡೆಯಬೇಕಾಗುತ್ತದೆ.

ಎಲ್ಲಕ್ಕಿಂತ ಮೊದಲು: ಹೊಂದಾಣಿಕೆ ಎಂಟ್ರಿ ಹಾಕಬೇಡಿ

ವ್ಯತ್ಯಾಸ ಕಂಡ ಕೂಡಲೇ ಸ್ಟಾಕ್ ಅಡ್ಜಸ್ಟ್‌ಮೆಂಟ್ ಎಂಟ್ರಿ ಹಾಕಿ ಗಣಕದ ಅಂಕಿಯನ್ನು ಗೋದಾಮಿನ ಅಂಕಿಗೆ ಸರಿಸಮ ಮಾಡುವುದು ಬಹುತೇಕ ಎಲ್ಲ ಕಡೆ ನಡೆಯುವ ಪದ್ಧತಿ. ತಿಂಗಳ ಕೊನೆಯಲ್ಲಿ ಲೆಕ್ಕಪತ್ರದವರ ಒತ್ತಡ ಎಷ್ಟಿರುತ್ತದೆ ಎಂಬುದು ಗೊತ್ತಿದ್ದೂ, ಇದನ್ನು ನಿಲ್ಲಿಸದೆ ಯಾವ ತಪಾಸಣೆಯೂ ಮುಂದೆ ಹೋಗದು ಎಂದು ಖಚಿತವಾಗಿ ಹೇಳುತ್ತೇನೆ. ವ್ಯತ್ಯಾಸದ ಪ್ರಮಾಣ, ಅದು ಹೆಚ್ಚೋ ಕಡಿಮೆಯೋ ಎಂಬುದು, ಅದು ಬೆಳೆಯುತ್ತ ಬಂದ ವೇಗ, ಇವೇ ಕಾರಣವನ್ನು ತೋರಿಸುವ ಸುಳಿವುಗಳು. ಹೊಂದಾಣಿಕೆ ಎಂಟ್ರಿ ಅವೆಲ್ಲವನ್ನೂ ಒಮ್ಮೆಗೇ ಅಳಿಸಿಹಾಕುತ್ತದೆ. ಗುಣಮಟ್ಟ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 9001:2015ರ 10.2ನೇ ವಿಧಿ ತಪ್ಪನ್ನು ಸರಿಪಡಿಸುವುದನ್ನೂ ತಪ್ಪಿನ ಕಾರಣವನ್ನು ನಿವಾರಿಸುವುದನ್ನೂ ಬೇರೆ ಬೇರೆಯಾಗಿ ಕಾಣುವುದು ಇದೇ ಕಾರಣಕ್ಕೆ. ಪ್ರಮಾಣಪತ್ರವನ್ನು ಗೋಡೆಗೆ ತೂಗುಹಾಕಿರುವ ಎಷ್ಟೋ ಘಟಕಗಳಲ್ಲಿ ಮೊದಲನೆಯದು ಮಾತ್ರ ನಡೆಯುತ್ತಿರುತ್ತದೆ.

ತೆರಿಗೆಯ ದೃಷ್ಟಿಯಿಂದಲೂ ಇದು ಹಗುರವಾದ ಎಂಟ್ರಿಯಲ್ಲ. ಜಿಎಸ್‌ಟಿ ಕಾಯ್ದೆಯ 17(5)ನೇ ಕಲಮಿನ ಪ್ರಕಾರ ಕಳೆದುಹೋದ, ಕಳುವಾದ, ನಾಶವಾದ ಅಥವಾ ಲೆಕ್ಕದಿಂದ ಕೈಬಿಟ್ಟ ಸರಕಿನ ಮೇಲಿನ ಹೂಡುವಳಿ ತೆರಿಗೆ ಜಮೆ (ಖರೀದಿಯಲ್ಲಿ ಕಟ್ಟಿದ ತೆರಿಗೆಯನ್ನು ನಾವು ಕಟ್ಟಬೇಕಾದ ತೆರಿಗೆಯಿಂದ ಕಳೆದುಕೊಳ್ಳುವ ಸೌಲಭ್ಯ) ಸಿಗುವುದಿಲ್ಲ. ಮೊದಲೇ ಪಡೆದಿದ್ದರೆ ಹಿಂತಿರುಗಿಸಬೇಕು. ಕಾರಣ ತಿಳಿಯದೆ 690 ಕಿಲೋ ಉಕ್ಕನ್ನು ಲೆಕ್ಕದಿಂದ ತೆಗೆದರೆ ಅದು ತಯಾರಿಕೆಯಲ್ಲಿ ಬಳಕೆಯಾಯಿತೋ ಇಲ್ಲವೇ ಕಳೆದುಹೋಯಿತೋ ಎಂಬ ಪ್ರಶ್ನೆಗೆ ಅಧಿಕಾರಿಗಳ ಮುಂದೆ ಹೇಳಲು ಉತ್ತರವಿರುವುದಿಲ್ಲ. ಇದಲ್ಲದೆ 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕಪತ್ರ ತಂತ್ರಾಂಶದಲ್ಲಿ ಪ್ರತಿ ಬದಲಾವಣೆಯ ಜಾಡನ್ನು ದಾಖಲಿಸುವ ಎಡಿಟ್ ಲಾಗ್ ಕಡ್ಡಾಯವಾಗಿದೆ. ಇದನ್ನು ಕಾನೂನಿನ ಹೊರೆಯೆಂದಷ್ಟೇ ನೋಡುವವರು ಬಹಳ. ಮುಂದೆ ಕಾಣುವಂತೆ, ದೋಷ ಹುಡುಕುವವರಿಗೆ ಇದಕ್ಕಿಂತ ಒಳ್ಳೆಯ ಸಲಕರಣೆ ಇಲ್ಲ.

ವ್ಯತ್ಯಾಸ ನಿಜವೇ ಎಂಬ ಪರೀಕ್ಷೆ

ಎಣಿಕೆ ನಡೆಯುತ್ತಿರುವಾಗಲೇ ಸರಕು ಒಳಗೆ ಬಂದು ಹೊರಗೆ ಹೋಗುತ್ತಿದ್ದರೆ, ಸಿಗುವ ವ್ಯತ್ಯಾಸಕ್ಕೆ ಅರ್ಥವಿಲ್ಲ. ಭಾನುವಾರ ಅಥವಾ ಎರಡು ಪಾಳಿಗಳ ನಡುವಿನ ಬಿಡುವನ್ನು ಆರಿಸಿಕೊಳ್ಳಿ. ಆ ಹೊತ್ತಿಗೆ ಬರೆದ ಕೊನೆಯ ಜಿಆರ್‌ಎನ್ (ಸರಕು ಬಂದದ್ದನ್ನು ದಾಖಲಿಸುವ ಸ್ವೀಕೃತಿ ಚೀಟಿ), ಕೊನೆಯ ಇಶ್ಯೂ ಚೀಟಿ (ಸ್ಟೋರ್ಸ್‌ನಿಂದ ವಸ್ತು ಕೊಟ್ಟದ್ದರ ಚೀಟಿ), ಕೊನೆಯ ಡೆಲಿವರಿ ಚಲನ್, ಕೊನೆಯ ಇನ್‌ವಾಯ್ಸ್, ಈ ನಾಲ್ಕರ ಸಂಖ್ಯೆಗಳನ್ನು ಹಾಳೆಯ ತಲೆಯಲ್ಲಿ ಬರೆದಿಟ್ಟು, ಅಲ್ಲಿಯವರೆಗಿನ ಎಲ್ಲ ದಾಖಲೆಗಳೂ ಗಣಕಕ್ಕೆ ಏರಿವೆಯೇ ಎಂದು ನೋಡಿದ ಮೇಲೆ ಎಣಿಕೆ ಆರಂಭಿಸಬೇಕು. ಎಣಿಸುವವರ ಕೈಗೆ ಗಣಕದ ಅಂಕಿಯನ್ನು ಕೊಡಲೇಬಾರದು; 412 ಎಂಬ ಸಂಖ್ಯೆ ಕಣ್ಣಿಗೆ ಬಿದ್ದವರು 409 ಎಣಿಸಿದರೂ ಮತ್ತೆ ಎಣಿಸಿ 412 ಮಾಡುತ್ತಾರೆ.

ಇಡೀ ಗೋದಾಮನ್ನು ಎಣಿಸುವ ಅಗತ್ಯವಿಲ್ಲ. ಇಪ್ಪತ್ತು ವಸ್ತುಗಳು ಸಾಕು, ಆದರೆ ಆಯ್ಕೆ ಸರಿಯಾಗಿರಬೇಕು: ಬೆಲೆ ಹೆಚ್ಚಿರುವ ಕೆಲವು, ದಿನವೂ ಕದಲುವ ಕೆಲವು, ಹೊರಗೆ ಜಾಬ್ ವರ್ಕ್‌ಗೆ (ಬೇರೆ ಘಟಕದವರು ನಮ್ಮ ಸರಕಿನ ಮೇಲೆ ಮಾಡಿಕೊಡುವ ಕೆಲಸಕ್ಕೆ) ಹೋಗಿಬರುವ ಕೆಲವು, ವರ್ಷದಿಂದ ಯಾರೂ ಮುಟ್ಟದ ಒಂದೆರಡು. ಯಾರೂ ಮುಟ್ಟದ ವಸ್ತುವಿನಲ್ಲೂ ವ್ಯತ್ಯಾಸ ಕಂಡರೆ, ವ್ಯವಸ್ಥೆ ಆರಂಭಿಸಿದ ದಿನ ತುಂಬಿದ ಆರಂಭಿಕ ಶಿಲ್ಕೇ ತಪ್ಪಾಗಿತ್ತೆಂದು ತಿಳಿಯುತ್ತದೆ. ಆಗ ನಂತರದ ವ್ಯವಹಾರಗಳನ್ನು ಜಾಲಾಡುವ ಮೊದಲು ಹಳೆಯ ಪಟ್ಟಿಯನ್ನು ಹೊರತೆಗೆಯಬೇಕು.

ವ್ಯತ್ಯಾಸದ ಆಕಾರವನ್ನು ಓದುವುದು

ಎಣಿಕೆಯ ಹಾಳೆ ಕೈಗೆ ಬಂದ ಮೇಲೆ ಒಟ್ಟು ಮೌಲ್ಯ ಎಷ್ಟು ಲಕ್ಷ ಎಂದು ಕೂಡಿಸಲು ಹೊರಡುವುದು ಮಾಲೀಕರ ಸಹಜ ಪ್ರವೃತ್ತಿ. ಒಟ್ಟು ಮೊತ್ತ ಏನನ್ನೂ ಹೇಳುವುದಿಲ್ಲ. ಒಂದರ ಕೊರತೆಯನ್ನು ಇನ್ನೊಂದರ ಹೆಚ್ಚುವರಿ ಮುಚ್ಚಿಹಾಕುತ್ತದೆ. ಪ್ರತಿ ಸಾಲನ್ನೂ ಬೇರೆಯಾಗಿ ನೋಡಿ. ಒಂದು ವಸ್ತು 240 ಕಡಿಮೆಯಾಗಿ ಅದರ ನೆರೆಯ ವಸ್ತು ಅಷ್ಟೇ ಹೆಚ್ಚಾಗಿದ್ದರೆ ಕೋಡ್ ಅದಲುಬದಲಾಗಿದೆ, ಅಥವಾ ಒಂದೇ ವಸ್ತುವಿಗೆ ಮಾಸ್ಟರ್‌ನಲ್ಲಿ (ತಂತ್ರಾಂಶದೊಳಗಿನ ವಸ್ತುಗಳ ಮೂಲ ಪಟ್ಟಿಯಲ್ಲಿ) ಎರಡು ಹೆಸರುಗಳಿವೆ. ಒಂದು ಲಾಟ್‌ನಷ್ಟೇ ನಿಖರವಾಗಿ ಕಡಿಮೆ ಅಥವಾ ಹೆಚ್ಚು ಇದ್ದರೆ ಎಲ್ಲೋ ಒಂದು ದಾಖಲೆ ಬಿಟ್ಟುಹೋಗಿದೆ ಇಲ್ಲವೇ ಎರಡು ಸಲ ಏರಿದೆ. ತಯಾರಾದ ಸಂಖ್ಯೆಗೆ ಅನುಗುಣವಾಗಿ ಕೊರತೆ ಏರುತ್ತ ಹೋಗಿದ್ದರೆ ದೋಷ ಬಿಲ್ ಆಫ್ ಮೆಟೀರಿಯಲ್‌ನಲ್ಲಿದೆ, ಅಂದರೆ ಒಂದು ಪೀಸಿಗೆ ಯಾವ ವಸ್ತು ಎಷ್ಟು ಬೇಕೆಂದು ಬರೆದ ಪಟ್ಟಿಯಲ್ಲಿದೆ. ಸೋಮವಾರ ಕಂಡು ಬುಧವಾರದ ಹೊತ್ತಿಗೆ ತಾನಾಗಿಯೇ ಮಾಯವಾಗುವ ವ್ಯತ್ಯಾಸ ತಡವಾದ ಎಂಟ್ರಿಯದು. ಯಾವ ಕ್ರಮಕ್ಕೂ ಸಿಗದೆ, ಸಣ್ಣ ಪ್ರಮಾಣದಲ್ಲಿ, ಒಮ್ಮೆ ಹೆಚ್ಚಾಗಿ ಒಮ್ಮೆ ಕಡಿಮೆಯಾಗಿ ಇರುವುದು ಅಳತೆ ಮತ್ತು ಎಣಿಕೆಯ ವಿಧಾನದ ದೋಷ. ಈ ಓದು ಮುಗಿಯುವಷ್ಟರಲ್ಲಿ ಯಾವ ಬಾಗಿಲು ತಟ್ಟಬೇಕೆಂಬುದು ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ.

ಕಿಲೋದಲ್ಲಿ ಕೊಂಡು ಸಂಖ್ಯೆಯಲ್ಲಿ ಬಳಸುವ ವಸ್ತು

ನಾನು ಕಂಡಂತೆ ಯಂತ್ರ ಘಟಕಗಳಲ್ಲಿ ಅತಿ ದೊಡ್ಡ ವ್ಯತ್ಯಾಸ ಹುಟ್ಟುವುದು ಇಲ್ಲಿಯೇ, ಹಾಗಾಗಿ ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸಿ ನೋಡುವುದು ಒಳ್ಳೆಯದು. ಉಕ್ಕಿನ ದುಂಡು ರಾಡಿನ ತೂಕ ಮೀಟರಿಗೆ ಎಷ್ಟು ಕಿಲೋ ಎಂಬುದನ್ನು ವ್ಯಾಸದ ವರ್ಗವನ್ನು 162ರಿಂದ ಭಾಗಿಸಿ ಪಡೆಯುತ್ತಾರೆ; ಕಬ್ಬಿಣದ ವ್ಯಾಪಾರಿಗಳಿಂದ ಹಿಡಿದು ಲೇತ್ ಆಪರೇಟರ್‌ವರೆಗೆ ಎಲ್ಲರಿಗೂ ಬಾಯಿಪಾಠವಾಗಿರುವ ಸೂತ್ರವಿದು. 32 ಮಿಲಿಮೀಟರ್ ರಾಡಿಗೆ ಇದು ಮೀಟರಿಗೆ 6.32 ಕಿಲೋ ಆಗುತ್ತದೆ. ತಯಾರಿಸಬೇಕಾದ ಪಿನ್ನಿನ ಉದ್ದ ನಕ್ಷೆಯ ಪ್ರಕಾರ 80 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ವಿನ್ಯಾಸ ವಿಭಾಗದವರು ನಕ್ಷೆಯನ್ನೇ ನೋಡಿ ಬಿಲ್ ಆಫ್ ಮೆಟೀರಿಯಲ್‌ನಲ್ಲಿ ಒಂದು ಪೀಸಿಗೆ 0.506 ಕಿಲೋ ಎಂದು ಬರೆಯುತ್ತಾರೆ, ಮತ್ತು ಉತ್ಪಾದನೆಯ ಎಂಟ್ರಿ ಬಿದ್ದಾಗಲೆಲ್ಲ ತಂತ್ರಾಂಶ ಅಷ್ಟನ್ನೇ ದಾಸ್ತಾನಿನಿಂದ ಕಳೆಯುತ್ತದೆ.

ಯಂತ್ರದ ಮುಂದೆ ನಿಂತು ನೋಡಿದರೆ ಲೆಕ್ಕ ಬೇರೆಯೇ ಇದೆ. ಕತ್ತರಿಸುವ ಪಾರ್ಟಿಂಗ್ ಟೂಲ್ 3 ಮಿಲಿಮೀಟರ್ ತಿನ್ನುತ್ತದೆ, ಮುಖ ಸಮ ಮಾಡಲು ಇನ್ನೆರಡು ಬೇಕು, ಹೀಗಾಗಿ ಒಂದು ಪೀಸಿಗೆ 85 ಮಿಲಿಮೀಟರ್ ರಾಡ್ ಖರ್ಚಾಗುತ್ತದೆ. 3 ಮೀಟರ್ ಉದ್ದದ ರಾಡಿನಲ್ಲಿ ಕೊನೆಯ 150 ಮಿಲಿಮೀಟರನ್ನು ಚಕ್ಕು ಹಿಡಿದುಕೊಳ್ಳುವುದರಿಂದ ಅದನ್ನು ಬಳಸಲು ಬರುವುದಿಲ್ಲ. ಉಳಿದ 2,850 ಮಿಲಿಮೀಟರಿನಲ್ಲಿ 33 ಪೀಸುಗಳು ಮಾತ್ರ ಹೊರಡುತ್ತವೆ. ಇಡೀ ರಾಡಿನ ತೂಕ 18.96 ಕಿಲೋ ಆದ್ದರಿಂದ ಒಂದು ಪೀಸಿಗೆ ನಿಜವಾಗಿ ಬಿದ್ದ ಉಕ್ಕು 0.575 ಕಿಲೋ. ಹತ್ತು ಸಾವಿರ ಪೀಸು ಮಾಡುವ ಹೊತ್ತಿಗೆ ಗಣಕ ಸುಮಾರು 5,057 ಕಿಲೋ ಕಳೆದಿರುತ್ತದೆ, ಕಾರ್ಖಾನೆಯೊಳಗೆ ಸುಮಾರು 5,746 ಕಿಲೋ ಖರ್ಚಾಗಿರುತ್ತದೆ. ಪರದೆಯ ಮೇಲೆ ಉಳಿದುಕೊಂಡ ಆ 690 ಕಿಲೋ ಯಾರೂ ಕದ್ದದ್ದಲ್ಲ, ಯಾವ ಎಂಟ್ರಿಯೂ ತಪ್ಪಿದ್ದಲ್ಲ. ಪ್ರತಿ ಎಂಟ್ರಿಯೂ ನಿಯಮದ ಪ್ರಕಾರ ಸರಿಯಾಗಿಯೇ ಬಿದ್ದಿದೆ.

ಇದನ್ನು ಪತ್ತೆಮಾಡುವ ಪರೀಕ್ಷೆ ಸರಳ. ಹತ್ತು ರಾಡುಗಳನ್ನು ತೂಗಿ ಯಂತ್ರಕ್ಕೆ ಕೊಟ್ಟು, ಹೊರಬಂದ ಒಳ್ಳೆಯ ಪೀಸು, ರಿಜೆಕ್ಷನ್ ಪೀಸು, ತುಂಡು ರಾಡು ಮತ್ತು ಚೂರನ್ನು ಬೇರೆ ಬೇರೆಯಾಗಿ ತೂಗಿ ಕೂಡಿಸಿ. ಮೊತ್ತ ಕೊಟ್ಟ ತೂಕಕ್ಕೆ ಹತ್ತಿರ ಬಂದರೆ ಬಿಲ್ ಆಫ್ ಮೆಟೀರಿಯಲ್ ಅನ್ನು ತಿದ್ದಿ, ತುಂಡು ಮತ್ತು ಚೂರಿಗೆ ಪ್ರತ್ಯೇಕ ಕೋಡ್ ಕೊಟ್ಟು ಅವೂ ದಾಸ್ತಾನಿಗೆ ಬರುವಂತೆ ಮಾಡಬೇಕು. ಚೂರು ಮಾರಿದ ಇನ್‌ವಾಯ್ಸ್‌ಗಳನ್ನು ತಿಂಗಳಿಗೊಮ್ಮೆ ಈ ಲೆಕ್ಕದ ಜೊತೆ ಇಟ್ಟು ನೋಡುವ ಅಭ್ಯಾಸ ಬೆಳೆಸಿಕೊಂಡ ಘಟಕಗಳಲ್ಲಿ ಈ ದೋಷ ಎರಡನೆಯ ಸಲ ಬಂದದ್ದನ್ನು ನಾನು ಕಂಡಿಲ್ಲ. ಬಿಲ್ ಆಫ್ ಮೆಟೀರಿಯಲ್ ತಿದ್ದುವ ಅಧಿಕಾರ ವಿನ್ಯಾಸ ವಿಭಾಗದ್ದೇ ಇರಲಿ, ಆದರೆ ಅದಕ್ಕೆ ಲೇತ್ ವಿಭಾಗದ ಸೂಪರ್‌ವೈಸರ್ ಸಹಿ ಇಲ್ಲದೆ ಮಾಸ್ಟರ್ ತೆರೆಯದಂತೆ ನಿಯಮ ಮಾಡಿ.

ಇದೇ ಗುಂಪಿಗೆ ಸೇರುವ ಇನ್ನೊಂದು ದೋಷ ಖರೀದಿಯ ಘಟಕಕ್ಕೂ ಬಳಕೆಯ ಘಟಕಕ್ಕೂ ನಡುವಿನ ಪರಿವರ್ತನೆಯದು. ಕೂಲಂಟ್ ಎಣ್ಣೆಯನ್ನು ಬ್ಯಾರಲ್ ಲೆಕ್ಕದಲ್ಲಿ ಕೊಂಡು ಲೀಟರ್ ಲೆಕ್ಕದಲ್ಲಿ ಬಳಸುವಾಗ, ಇನ್ಸರ್ಟ್ ಟೂಲುಗಳನ್ನು ಹತ್ತರ ಪೆಟ್ಟಿಗೆಯಾಗಿ ಕೊಂಡು ಒಂದೊಂದಾಗಿ ಕೊಡುವಾಗ, ಮಾಸ್ಟರ್‌ನಲ್ಲಿ ಪರಿವರ್ತನೆಯ ಅಂಕಿ ಖಾಲಿ ಉಳಿದರೆ ಗಣಕ ಒಂದು ಪೆಟ್ಟಿಗೆಯನ್ನು ಒಂದು ಟೂಲ್ ಎಂದೇ ತಿಳಿಯುತ್ತದೆ. ಇಂಥ ವಸ್ತು ಎರಡನೆಯ ದಿನವೇ ಮೈನಸ್‌ಗೆ ಇಳಿಯುವುದರಿಂದ ಹುಡುಕುವುದು ಕಷ್ಟವಲ್ಲ. ಮೈನಸ್ ದಾಸ್ತಾನಿಗೆ ಅವಕಾಶ ಕೊಡುವ ಆಯ್ಕೆಯನ್ನು ಅನೇಕರು ಕೆಲಸ ನಿಲ್ಲಬಾರದೆಂದು ತೆರೆದಿಟ್ಟಿರುತ್ತಾರೆ. ತಪಾಸಣೆಯ ಅವಧಿಯಲ್ಲಿ ತೆರೆದೇ ಇರಲಿ, ಆದರೆ ಮೈನಸ್‌ಗೆ ಇಳಿದ ವಸ್ತುಗಳ ಪಟ್ಟಿಯನ್ನು ಪ್ರತಿದಿನ ಸಂಜೆ ಮುದ್ರಿಸಿ ಓದಿ. ದೋಷ ಎಲ್ಲಿದೆಯೆಂದು ತಾನಾಗಿಯೇ ಹೇಳುವ ಪಟ್ಟಿ ಅದು.

ವ್ಯವಸ್ಥೆಗೆ ಗೊತ್ತಿಲ್ಲದ ಜಾಗಗಳು

ಗೋದಾಮಿನ ನಕ್ಷೆಯನ್ನು ಕೈಯಲ್ಲಿ ಹಿಡಿದು ಇಡೀ ಆವರಣವನ್ನು ಒಮ್ಮೆ ಸುತ್ತಿ, ಸರಕು ಇರುವ ಪ್ರತಿ ಜಾಗಕ್ಕೂ ತಂತ್ರಾಂಶದಲ್ಲಿ ಒಂದು ಹೆಸರಿದೆಯೇ ಎಂದು ನೋಡಿ. ಮೆಟ್ಟಿಲ ಕೆಳಗೆ, ಕಂಪ್ರೆಸರ್ ಕೋಣೆಯಲ್ಲಿ, ಕ್ವಾಲಿಟಿ ವಿಭಾಗದ ಮೇಜಿನಡಿ, ಭದ್ರತಾ ಸಿಬ್ಬಂದಿಯ ಕೊಠಡಿಯ ಪಕ್ಕದಲ್ಲಿ ಟ್ರೇಗಳು ಸಿಗುತ್ತವೆ. ಅವು ಅಲ್ಲಿಗೆ ಬಂದದ್ದಕ್ಕೆ ಯಾವಾಗಲೂ ಒಂದು ಒಳ್ಳೆಯ ಕಾರಣ ಇರುತ್ತದೆ, ದಾಖಲೆ ಮಾತ್ರ ಇರುವುದಿಲ್ಲ.

ಅಮೆರಿಕದ ಚಾಕೊಲೇಟ್ ಕಂಪನಿ ಹರ್ಷೀ 1999ರ ಜುಲೈನಲ್ಲಿ ಸುಮಾರು 11.2 ಕೋಟಿ ಡಾಲರ್ ವೆಚ್ಚದ ಹೊಸ ವ್ಯವಸ್ಥೆಯನ್ನು, ಮೂರು ಬೇರೆ ಬೇರೆ ಕಂಪನಿಗಳ ತಂತ್ರಾಂಶಗಳನ್ನು ಒಟ್ಟಿಗೆ ಸೇರಿಸಿ, ಹ್ಯಾಲೋವೀನ್ ಹಬ್ಬದ ಬೇಡಿಕೆ ಏರುವ ಹೊತ್ತಿಗೇ ಚಾಲನೆಗೆ ತಂದಿತು. ಗೋದಾಮಿನಲ್ಲಿ ಸರಕಿದ್ದೂ ಅಂಗಡಿಗಳಿಗೆ ಕಳಿಸಲಾಗದೆ ಆ ಋತುವಿನ ವ್ಯಾಪಾರ ಕೈತಪ್ಪಿತು. ಅವಸರದ ವೇಳಾಪಟ್ಟಿ ಇದಕ್ಕೆ ದೊಡ್ಡ ಕಾರಣವೆಂದು ಎಲ್ಲರೂ ಹೇಳುತ್ತಾರೆ. ಅದರ ಜೊತೆಗೆ ಹೊರಬಂದ ಇನ್ನೊಂದು ಸಂಗತಿ ನಮಗೆ ಹೆಚ್ಚು ಮುಖ್ಯ. ಹಬ್ಬದ ದಿನಗಳಲ್ಲಿ ಹೆಚ್ಚುವರಿ ಸರಕನ್ನು ತಾತ್ಕಾಲಿಕ ಜಾಗಗಳಲ್ಲಿ ಇಡುವ ರೂಢಿ ಅಲ್ಲಿ ಹಿಂದಿನಿಂದ ಇತ್ತು, ಕೆಲಸಗಾರರಿಗೆ ಅದು ಗೊತ್ತಿತ್ತು, ಆದರೆ ಆ ಜಾಗಗಳನ್ನು ಹೊಸ ವ್ಯವಸ್ಥೆಯಲ್ಲಿ ಶೇಖರಣಾ ಸ್ಥಳಗಳೆಂದು ದಾಖಲಿಸಿರಲಿಲ್ಲ. ಅಷ್ಟು ದೊಡ್ಡ ಸಂಸ್ಥೆಯಲ್ಲಿ ಆದದ್ದು ಮೆಟ್ಟಿಲ ಕೆಳಗಿನ ಟ್ರೇಯ ಕಥೆಯೇ. ಪರಿಹಾರವೆಂದು ಆ ಜಾಗಗಳನ್ನೆಲ್ಲ ಖಾಲಿ ಮಾಡಿಸಲು ಹೋದರೆ ವಾರದೊಳಗೆ ಹೊಸ ಜಾಗಗಳು ಹುಟ್ಟುತ್ತವೆ. ಅವುಗಳಿಗೆ ಹೆಸರು ಕೊಟ್ಟು, ಬಣ್ಣದ ಪಟ್ಟಿ ಎಳೆದು, ತಂತ್ರಾಂಶದಲ್ಲಿ ಸ್ಥಳವೆಂದು ಸೇರಿಸುವುದೇ ಬಾಳಿಕೆ ಬರುವ ದಾರಿ.

ಗ್ರಾಹಕರು ತಾವೇ ಒದಗಿಸಿದ ಕಚ್ಚಾ ವಸ್ತುವಿನ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಅದು ನಮ್ಮ ಆವರಣದಲ್ಲಿದ್ದರೂ ನಮ್ಮ ದಾಸ್ತಾನಲ್ಲ. ನಮ್ಮದೇ ಇಎನ್ 8 ರಾಡಿನ ಪಕ್ಕದಲ್ಲಿ ಅವರ ಇಎನ್ 8 ರಾಡನ್ನು ಒರಗಿಸಿಟ್ಟರೆ, ತುರ್ತಿನ ದಿನ ಒಂದರ ಬದಲು ಇನ್ನೊಂದು ಯಂತ್ರಕ್ಕೆ ಹೋಗುತ್ತದೆ, ಮತ್ತು ಎರಡೂ ಲೆಕ್ಕಗಳು ಒಟ್ಟಿಗೆ ಕೆಡುತ್ತವೆ. ರ್ಯಾಕ್ ಬೇರೆ, ಕೋಡ್ ಬೇರೆ, ರಾಡಿನ ತುದಿಯ ಬಣ್ಣ ಬೇರೆ ಇರಲೇಬೇಕು.

ಒಳಬಂದ ಸರಕಿನ ಕುರಿತು ಚಿಕ್ಕದಾಗಿ ಹೇಳಿಬಿಡುತ್ತೇನೆ. ಗೇಟಿನಲ್ಲಿ ಇಳಿದ ಸರಕು ತಪಾಸಣೆ ಮುಗಿಯುವವರೆಗೆ ಜಿಆರ್‌ಎನ್ ಇಲ್ಲದೆ ಬಿದ್ದಿರುವುದು ಸಾಮಾನ್ಯ ಪದ್ಧತಿ. ಬಂದ ದಿನವೇ ‘ತಪಾಸಣೆ ಬಾಕಿ’ ಎಂಬ ಸ್ಥಳಕ್ಕೆ ಎಂಟ್ರಿ ಹಾಕಿಸಿ. ಸರಬರಾಜುದಾರರು ಸೂಕ್ಷ್ಮ ಅಥವಾ ಸಣ್ಣ ಉದ್ಯಮವಾಗಿದ್ದರೆ 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯಡಿ ಸರಕು ತಲುಪಿದ 15 ದಿನಗಳಲ್ಲಿ ಲಿಖಿತ ಆಕ್ಷೇಪ ಸಲ್ಲಿಸದಿದ್ದಲ್ಲಿ ತಲುಪಿದ ದಿನವೇ ಸ್ವೀಕೃತವಾಯಿತೆಂದು ಭಾವಿಸಲಾಗುತ್ತದೆ, ಮತ್ತು ಹಣ ಪಾವತಿಯ ಗಡುವು, ಅಂದರೆ ಲಿಖಿತ ಒಪ್ಪಂದವಿದ್ದರೂ 45 ದಿನ ಮೀರದ ಅವಧಿ, ಅಲ್ಲಿಂದ ಎಣಿಕೆಯಾಗುತ್ತದೆ. ತಡವಾದ ಜಿಆರ್‌ಎನ್ ದಾಸ್ತಾನನ್ನಷ್ಟೇ ಅಲ್ಲ, ಪಾವತಿಯ ಲೆಕ್ಕವನ್ನೂ ದಾರಿ ತಪ್ಪಿಸುತ್ತದೆ.

ಹೊರಗೆ ಹೋಗಿ ಬರುವ ಸರಕು

ಹೀಟ್ ಟ್ರೀಟ್‌ಮೆಂಟ್, ಪ್ಲೇಟಿಂಗ್, ಗ್ರೈಂಡಿಂಗ್ ಮುಂತಾದವುಗಳಿಗೆ ಹೋದ ಸರಕು ನಮ್ಮದೇ ಆಗಿದ್ದರೂ ನಮ್ಮ ಕಣ್ಣೆದುರು ಇರುವುದಿಲ್ಲ. ಇದರಲ್ಲಿ ವ್ಯತ್ಯಾಸ ಹುಟ್ಟಲು ಮೂರು ಕಾರಣಗಳು ಒಂದರ ಮೇಲೊಂದು ಕುಳಿತಿರುತ್ತವೆ, ಅದಕ್ಕೇ ಬಿಡಿಸುವುದು ಕಷ್ಟ.

ಮೊದಲನೆಯದು ಘಟಕದ ವ್ಯತ್ಯಾಸ: ನಾವು ಚಲನ್‌ನಲ್ಲಿ 2,000 ಪೀಸು ಎಂದು ಬರೆಯುತ್ತೇವೆ, ಜಾಬ್ ವರ್ಕ್‌ನವರು ಕಿಲೋ ಲೆಕ್ಕದಲ್ಲಿ ಬಿಲ್ ಮಾಡಿ, ಮರಳಿಸುವಾಗಲೂ ಕಿಲೋವನ್ನೇ ಬರೆಯುತ್ತಾರೆ. ಎರಡನೆಯದು ತೂಗಿ ಎಣಿಸುವ ವಿಧಾನ. ಒಂದು ಪೀಸು 390 ಗ್ರಾಂ ಇದ್ದು, ಹತ್ತು ಪೀಸು ತೂಗಿ ಸರಾಸರಿ ತೆಗೆಯುವ ತಕ್ಕಡಿ 50 ಗ್ರಾಂಗಿಂತ ಕಡಿಮೆ ತೋರಿಸದೆ ಇದ್ದರೆ, 3.9 ಕಿಲೋದಲ್ಲಿ 25 ಗ್ರಾಂವರೆಗೆ ತಪ್ಪಾಗುವ ಸಾಧ್ಯತೆಯಿದೆ. 2,000 ಪೀಸಿಗೆ ಅದು 13 ಪೀಸುಗಳ ವ್ಯತ್ಯಾಸ. ಹತ್ತರ ಬದಲು ನೂರು ಪೀಸು ತೂಗಿ ಸರಾಸರಿ ತೆಗೆದರೆ ತಪ್ಪು ಒಂದೆರಡು ಪೀಸಿಗೆ ಇಳಿಯುತ್ತದೆ. ಇಷ್ಟು ಸಣ್ಣ ಬದಲಾವಣೆಗೆ ಖರ್ಚೇನೂ ಇಲ್ಲ, ಆದರೂ ಯಾರೂ ಮಾಡಿರುವುದಿಲ್ಲ. ಮೂರನೆಯದು, ಲೋಹದ ಒಳರಚನೆಯ ಪರೀಕ್ಷೆಗೆಂದು ಪ್ರತಿ ಲಾಟಿನಿಂದ ಒಂದೆರಡು ಪೀಸನ್ನು ಕತ್ತರಿಸಿ ನೋಡುವುದು. ಆ ಪೀಸುಗಳು ವರದಿಯಾಗಿ ಮರಳುತ್ತವೆ, ಸರಕಾಗಿ ಮರಳುವುದಿಲ್ಲ. ಅವನ್ನು ಚಲನ್‌ನಲ್ಲೇ ‘ಪರೀಕ್ಷಾ ಪೀಸು’ ಎಂದು ಬೇರೆ ಸಾಲಿನಲ್ಲಿ ತೋರಿಸುವ ಕ್ರಮ ತನ್ನಿ.

ತಪಾಸಣೆಗೆ ಮಾಡಬೇಕಾದದ್ದು ಇಷ್ಟು: ಕಳೆದ ಆರು ತಿಂಗಳ ಎಲ್ಲ ಚಲನ್‌ಗಳನ್ನು ಜಾಬ್ ವರ್ಕ್‌ನವರ ಹೆಸರಿನ ಪ್ರಕಾರ ಜೋಡಿಸಿ, ಪ್ರತಿಯೊಂದಕ್ಕೂ ಮರಳಿ ಬಂದ ಚಲನ್ ಸಂಖ್ಯೆಯನ್ನು ಎದುರು ಬರೆದು, ಪೂರ್ತಿ ಮುಗಿಯದೆ ಉಳಿದವನ್ನು ಹಿಡಿದುಕೊಂಡು ಅವರ ಘಟಕಕ್ಕೇ ಹೋಗಿ ಎಣಿಸಬೇಕು. ಫೋನಿನಲ್ಲಿ ಕೇಳಿದರೆ ಸಿಗುವ ಉತ್ತರ ಗಣಕದ ಅಂಕಿಗಿಂತ ಹೆಚ್ಚು ನಂಬಲರ್ಹವೇನಲ್ಲ. ಜಿಎಸ್‌ಟಿ ಕಾಯ್ದೆಯ 143ನೇ ಕಲಮಿನಂತೆ ಜಾಬ್ ವರ್ಕ್‌ಗೆ ಹೋದ ಕಚ್ಚಾ ವಸ್ತು ಒಂದು ವರ್ಷದೊಳಗೆ ಮರಳಿ ಬರಬೇಕು ಅಥವಾ ಅಲ್ಲಿಂದಲೇ ಪೂರೈಕೆಯಾಗಬೇಕು. ಇಲ್ಲವಾದರೆ ಕಳಿಸಿದ ದಿನವೇ ಅದು ಮಾರಾಟವಾಯಿತೆಂದು ಪರಿಗಣಿಸಿ ತೆರಿಗೆ ಬೀಳುತ್ತದೆ. ಇದರ ವಿವರ ಸಲ್ಲಿಸುವ ಐಟಿಸಿ-04 ನಮೂನೆ ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದವರಿಗೆ ಆರು ತಿಂಗಳಿಗೊಮ್ಮೆ, ಉಳಿದವರಿಗೆ ವರ್ಷಕ್ಕೊಮ್ಮೆ ಬರುತ್ತದೆ. ಈ ನಮೂನೆಯನ್ನು ಲೆಕ್ಕಪರಿಶೋಧಕರ ಕಚೇರಿಗೆ ಬಿಟ್ಟುಬಿಡದೆ ಸ್ಟೋರ್ಸ್‌ನ ಬಾಕಿ ಪಟ್ಟಿಯಿಂದಲೇ ತಯಾರಿಸಿದರೆ, ಕಾನೂನಿನ ಕೆಲಸವೂ ತಪಾಸಣೆಯೂ ಒಂದೇ ಕೈಯಲ್ಲಿ ಮುಗಿಯುತ್ತವೆ.

ರಿಜೆಕ್ಷನ್ ಮತ್ತು ರೀವರ್ಕ್ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಕೆಂಪು ಪೆಟ್ಟಿಗೆಗೆ ಬಿದ್ದ ಪೀಸು ದಾಸ್ತಾನಿನಿಂದ ಹೊರಬೀಳುವ ಗಳಿಗೆ ಯಾವುದು, ಸರಿಪಡಿಸಿ ಮರಳಿ ತಂದಾಗ ಒಳಸೇರುವ ಗಳಿಗೆ ಯಾವುದು, ಈ ಎರಡನ್ನು ಬರೆದು ಗೋಡೆಗೆ ಅಂಟಿಸಿ ಅದರಂತೆ ನಡೆದರೆ ಸಾಕು.

ಎಂಟ್ರಿ ತಡವಾಗುವುದೇಕೆ

ಎಡಿಟ್ ಲಾಗ್ ನೆರವಿಗೆ ಬರುವುದು ಇಲ್ಲಿ. ಪ್ರತಿ ದಾಖಲೆಯ ದಿನಾಂಕದ ಎದುರಿಗೆ ಅದನ್ನು ಗಣಕಕ್ಕೆ ಏರಿಸಿದ ದಿನ, ಹೊತ್ತು ಮತ್ತು ಬಳಕೆದಾರರ ಹೆಸರನ್ನು ಇಟ್ಟು ಒಂದು ತಿಂಗಳ ಪಟ್ಟಿ ಮಾಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ರಾತ್ರಿ ಪಾಳಿಯ ಇಶ್ಯೂಗಳೆಲ್ಲ ಮರುದಿನ ಬೆಳಿಗ್ಗೆ ಹತ್ತರಿಂದ ಹನ್ನೊಂದರೊಳಗೆ, ಒಂದೇ ಲಾಗಿನ್‌ನಿಂದ, ಸಾಲಾಗಿ ಏರಿದ್ದರೆ, ಕಚೇರಿಯಲ್ಲಿ ಕುಳಿತ ಡೇಟಾ ಎಂಟ್ರಿ ಸಿಬ್ಬಂದಿಯೊಬ್ಬರು ಚೀಟಿಗಳ ಕಟ್ಟನ್ನು ನೋಡಿ ಟೈಪ್ ಮಾಡುತ್ತಿದ್ದಾರೆ ಎಂದರ್ಥ. ಅವರು ಆ ರಾಡನ್ನು ಕಂಡಿಲ್ಲ. ಚೀಟಿಯಲ್ಲಿ 23 ಎಂದಿರುವುದು 28ರಂತೆ ಕಂಡರೆ ಅದನ್ನು ಅನುಮಾನಿಸಲು ಅವರಿಗೆ ಯಾವ ಆಧಾರವೂ ಇಲ್ಲ. ವಸ್ತುವನ್ನು ಕೊಟ್ಟವರೇ, ಕೊಟ್ಟ ಜಾಗದಲ್ಲೇ, ಕೊಟ್ಟ ಹೊತ್ತಿನಲ್ಲೇ ಎಂಟ್ರಿ ಹಾಕುವಂತಾದರೆ ಇಂಥ ತಪ್ಪುಗಳು ಬಹುಪಾಲು ನಿಲ್ಲುತ್ತವೆ. ಅದಕ್ಕೆ ಸ್ಟೋರ್ಸ್ ಕಿಟಕಿಯಲ್ಲಿ ಒಂದು ಗಣಕವನ್ನೋ ಫೋನನ್ನೋ ಇಡಬೇಕು, ಮತ್ತು ಪರದೆಯ ಭಾಷೆ, ವಸ್ತುವಿನ ಹೆಸರು ಅಲ್ಲಿ ಕೆಲಸ ಮಾಡುವವರು ದಿನವೂ ಆಡುವ ಮಾತಿನಲ್ಲಿ ಇರಬೇಕು. ಸ್ಟೋರ್ಸ್‌ನಲ್ಲಿ ಎಲ್ಲರೂ ‘ದಪ್ಪ ಪಿನ್ನು’ ಎನ್ನುವ ವಸ್ತು ಗಣಕದಲ್ಲಿ ಹದಿನಾಲ್ಕು ಅಂಕೆಯ ಕೋಡ್ ಆಗಿ ಮಾತ್ರ ಇದ್ದರೆ ತಪ್ಪು ವಸ್ತುವಿನ ಮೇಲೆ ಎಂಟ್ರಿ ಬೀಳುವುದು ನಿಶ್ಚಿತ. ಕೋಡಿನ ಜೊತೆಗೆ ಆಡುಮಾತಿನ ಹೆಸರಿಗೂ ಒಂದು ಅಂಕಣ ಕೊಡಿ.

ಖಾನೆಯ ಉದ್ದನೆಯ ಪುಸ್ತಕವನ್ನು ಕಸಿದುಕೊಳ್ಳಬೇಡಿ. ಅದನ್ನು ಬರೆದವರ ಪಕ್ಕದಲ್ಲಿ ಕುಳಿತು ಗಣಕದ ಎಂಟ್ರಿಗಳ ಜೊತೆ ಸಾಲು ಸಾಲಾಗಿ ಹೋಲಿಸಿ. ಪುಸ್ತಕದಲ್ಲಿದ್ದು ಗಣಕದಲ್ಲಿ ಇಲ್ಲದ ಪ್ರತಿ ಸಾಲೂ ವ್ಯವಸ್ಥೆಯನ್ನು ಯೋಜಿಸುವಾಗ ಯಾರೂ ಕೇಳದೆ ಬಿಟ್ಟ ಒಂದು ವ್ಯವಹಾರದ ಬಗೆಯನ್ನು ತೋರಿಸುತ್ತದೆ: ಮಾದರಿಗೆಂದು ಕೊಟ್ಟ ಎರಡು ಪೀಸು, ಪಕ್ಕದ ಘಟಕದವರು ಸಾಲವಾಗಿ ಒಯ್ದ ನಾಲ್ಕು ಇನ್ಸರ್ಟ್, ಯಂತ್ರ ದುರಸ್ತಿಗೆ ಬಳಸಿದ ರಾಡು. ಆ ಪುಸ್ತಕ ಅಳವಡಿಕೆಯ ತಂಡ ಬರೆಯಬೇಕಾಗಿದ್ದ ಅಗತ್ಯಗಳ ಪಟ್ಟಿಯ ಉಳಿದ ಅರ್ಧ.

ದೋಷ ಯೋಜನೆಯಲ್ಲೇ ಇದ್ದರೆ

ಮೇಲಿನ ಎಲ್ಲವನ್ನೂ ಸರಿಪಡಿಸಿಯೂ ವ್ಯತ್ಯಾಸ ಮರಳಿ ಬರುತ್ತಿದ್ದರೆ, ತಂತ್ರಾಂಶದ ಮೂಲ ರೀತಿಗೂ ಘಟಕದ ಕೆಲಸದ ರೀತಿಗೂ ಹೊಂದಿಕೆಯಿದೆಯೇ ಎಂದು ನೋಡಬೇಕಾಗುತ್ತದೆ. ಜರ್ಮನಿಯ ಚಿಲ್ಲರೆ ವ್ಯಾಪಾರ ಸಂಸ್ಥೆ ಲಿಡ್ಲ್ 2011ರಲ್ಲಿ ಆರಂಭಿಸಿದ ಎಸ್‌ಎಪಿ ಯೋಜನೆಯನ್ನು 2018ರಲ್ಲಿ ಕೈಬಿಟ್ಟಾಗ ಸುಮಾರು 50 ಕೋಟಿ ಯೂರೋ ಖರ್ಚಾಗಿತ್ತೆಂದು ವರದಿಯಾಯಿತು. ತಂತ್ರಾಂಶ ದಾಸ್ತಾನನ್ನು ಮಾರಾಟ ಬೆಲೆಯಲ್ಲಿ ಲೆಕ್ಕ ಹಾಕುತ್ತಿತ್ತು, ಲಿಡ್ಲ್‌ನ ಪದ್ಧತಿ ಖರೀದಿ ಬೆಲೆಯದಾಗಿತ್ತು. ತನ್ನ ಪದ್ಧತಿಯನ್ನು ಬಿಡದೆ ತಂತ್ರಾಂಶವನ್ನೇ ತಿದ್ದುತ್ತ ಹೋದದ್ದು ತೊಡಕಿಗೆ ಮುಖ್ಯ ಕಾರಣಗಳಲ್ಲಿ ಒಂದೆಂದು ಹೇಳಲಾಯಿತು. ಸಣ್ಣ ಘಟಕದಲ್ಲಿ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಬರುತ್ತದೆ. ಗ್ರಾಹಕರ ನಂಬಿಕೆ, ಗುಣಮಟ್ಟ, ಲಾಟ್ ಗುರುತಿಗೆ ಸಂಬಂಧಿಸಿದ ನಮ್ಮ ಪದ್ಧತಿಗಳನ್ನು ತಂತ್ರಾಂಶ ಒಪ್ಪಿಕೊಳ್ಳುವಂತೆ ತಿದ್ದಿಸಬೇಕು. ಚೀಟಿಯ ಬಣ್ಣ, ವರದಿಯ ಅಂಕಣಗಳ ಕ್ರಮದಂಥ ಅಭ್ಯಾಸಗಳನ್ನು ನಾವೇ ಬದಲಿಸಿಕೊಳ್ಳಬೇಕು. ಇವೆರಡನ್ನೂ ಒಂದೇ ಪಟ್ಟಿಯಲ್ಲಿ ಬರೆದು ಪ್ರೋಗ್ರಾಮರ್ ಕೈಗೆ ಕೊಡುವ ಘಟಕಗಳಲ್ಲಿ ಯೋಜನೆ ಮುಗಿಯುವುದೇ ಇಲ್ಲ.

ದುರಸ್ತಿಯಾಯಿತೆಂದು ತಿಳಿಯುವುದು ಹೇಗೆ

ಪ್ರತಿದಿನ ಐದಾರು ವಸ್ತುಗಳನ್ನು ಸರದಿಯಂತೆ ಎಣಿಸುವ ಕ್ರಮವನ್ನು ಮೂರು ತಿಂಗಳು ಬಿಡದೆ ನಡೆಸಿ. ಬೆಲೆಬಾಳುವವು ತಿಂಗಳಿಗೊಮ್ಮೆ ಸರದಿಗೆ ಬರಲಿ, ನಟ್ಟು ಬೋಲ್ಟುಗಳು ವರ್ಷಕ್ಕೊಮ್ಮೆ ಬಂದರೂ ನಡೆಯುತ್ತದೆ. ಎಣಿಸಿದ ವಸ್ತುಗಳಲ್ಲಿ ನಿಗದಿತ ಮಿತಿಯೊಳಗೆ ತಾಳೆಯಾದವು ನೂರಕ್ಕೆ 95ರಷ್ಟಿರಬೇಕು, ಬಿಲ್ ಆಫ್ ಮೆಟೀರಿಯಲ್‌ಗಳು ನೂರಕ್ಕೆ 98ರಷ್ಟು ಸರಿಯಿರಬೇಕು ಎಂಬುದು ಉತ್ಪಾದನಾ ಯೋಜನೆಯ ಕ್ಷೇತ್ರದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಅಳತೆಗೋಲು. ಅದಕ್ಕಿಂತ ಕೆಳಗಿರುವಾಗ ಖರೀದಿ ಯೋಜನೆಯನ್ನು ತಂತ್ರಾಂಶದ ಕೈಗೆ ಒಪ್ಪಿಸುವುದು ಸರಿಯಲ್ಲ.

ಕಳ್ಳತನದ ಅನುಮಾನವನ್ನು ಕಟ್ಟಕಡೆಗೆ ಇಟ್ಟುಕೊಳ್ಳಿ. ಅದನ್ನು ಮೊದಲ ದಿನವೇ ಬಾಯಿಬಿಟ್ಟು ಹೇಳಿದರೆ, ಮೆಟ್ಟಿಲ ಕೆಳಗಿನ ಟ್ರೇಯ ವಿಷಯ ಬಲ್ಲವರು, ಸಾಲ ಕೊಟ್ಟ ಇನ್ಸರ್ಟ್ ನೆನಪಿಟ್ಟುಕೊಂಡವರು ಮಾತು ನಿಲ್ಲಿಸುತ್ತಾರೆ. ಆಮೇಲೆ ಯಾವ ತಪಾಸಣೆಗೂ ಸಾಕ್ಷಿ ಸಿಗುವುದಿಲ್ಲ. ಅಳತೆ, ದಾಖಲೆ, ಜಾಗ, ಜಾಬ್ ವರ್ಕ್ ಎಲ್ಲವೂ ತಾಳೆಯಾದ ಮೇಲೂ ತಾಮ್ರ, ಹಿತ್ತಾಳೆ, ಕಾರ್ಬೈಡ್ ಟೂಲುಗಳಂಥ ಸುಲಭವಾಗಿ ಮಾರಾಟವಾಗುವ ವಸ್ತುಗಳಲ್ಲಿ ಮಾತ್ರ ಕೊರತೆ ಉಳಿದರೆ ಆಗ ಭದ್ರತೆಯ ಕಡೆ ನೋಡಬೇಕು.

ಕೊನೆಯಲ್ಲಿ ಕಾರಣ ತಿಳಿಯದೆ ಉಳಿದ ವ್ಯತ್ಯಾಸಕ್ಕೆ ಹೊಂದಾಣಿಕೆ ಎಂಟ್ರಿ ಹಾಕಲೇಬೇಕಾಗುತ್ತದೆ. ಅದನ್ನು ಒಂದೇ ಮೊತ್ತವಾಗಿ ಹಾಕದೆ ವಸ್ತುವಾರು ಹಾಕಿ, ಪ್ರತಿಯೊಂದಕ್ಕೂ ಎಣಿಕೆಯ ಹಾಳೆಯ ಸಂಖ್ಯೆಯನ್ನು ನಮೂದಿಸಿ, ಮಾಲೀಕರ ಲಿಖಿತ ಒಪ್ಪಿಗೆ ಪಡೆದು, ಹಿಂತಿರುಗಿಸಬೇಕಾದ ತೆರಿಗೆ ಜಮೆಯನ್ನು ಲೆಕ್ಕಪರಿಶೋಧಕರ ಜೊತೆ ಕುಳಿತು ಆ ತಿಂಗಳ ರಿಟರ್ನ್‌ನಲ್ಲೇ ತೋರಿಸಿ. ಆ ದಿನಾಂಕದ ಅಂಕಿಗಳನ್ನು ಹೊಸ ಆರಂಭಿಕ ಶಿಲ್ಕೆಂದು ಗುರುತಿಸಿ, ಅದಕ್ಕಿಂತ ಹಿಂದಿನ ಅವಧಿಯ ಎಂಟ್ರಿಗಳನ್ನು ಯಾರೂ ತೆರೆಯದಂತೆ ತಂತ್ರಾಂಶದಲ್ಲಿ ಬೀಗ ಹಾಕಿಸಿ.